ಅಬ್ಬಾ ಹೋದ ಮೇಲೆ ಅಣ್ಣಂದಿರು ಸಹಿ ಕೇಳುತ್ತಿದ್ದಾರೆ. ಹೆಣ್ಣುಮಕ್ಕಳ ಪಾಲು ನಿಜಕ್ಕೂ ಎಷ್ಟು?

ಭಟ್ಟಿ ಮಗಳು
ಎಲ್ಲರಿಗೂ ಸಲಾಂ, ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮದು ದಾವಣಗೆರೆ. ಅಬ್ಬಾ ಮಂಡಕ್ಕಿ ಭಟ್ಟಿ ನಡೆಸುತ್ತಿದ್ದರು, ಐದು ತಿಂಗಳ ಹಿಂದೆ ತೀರಿಕೊಂಡರು. ಅಮ್ಮಿ ಇದ್ದಾರೆ. ಇಬ್ಬರು ಅಣ್ಣಂದಿರು, ನಾನು, ನನ್ನ ತಂಗಿ. ಆಸ್ತಿ ಅಂದರೆ ಒಂದು ಮನೆ, ಭಟ್ಟಿಯ ಜಾಗ, ಅಷ್ಟೇ. ಅಂಗಡಿ ಸಾಲ ಇತ್ತು, ತೀರಿದೆ.

ಅಮ್ಮಿಯ ಇದ್ದತ್, ಅಂದರೆ ಗಂಡ ಹೋದ ಮೇಲೆ ಹೆಂಡತಿ ಪಾಲಿಸುವ ಕಾಯುವ ಅವಧಿ, ಮುಗಿದು ಒಂದು ವಾರ ಆಗಿಲ್ಲ, ದೊಡ್ಡ ಭಾಯಿ ಫೋನ್ ಮಾಡಿ "ಒಂದು ದಿನ ಬಂದು ಹೋಗು, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಒಂದು ಸಹಿ ಇದೆ" ಅಂದರು. ಏನು ಸಹಿ ಅಂದರೆ "ಅದೇ, ಖಾತೆ ಬದಲಾಯಿಸೋಕೆ" ಅಂದರು. ಆಮೇಲೆ ಭಾಭಿ ಬಾಯಿ ಜಾರಿ ಹೇಳಿದರು, ಅದು ಹಕ್ಕು ಬಿಡುಗಡೆ ಪತ್ರವಂತೆ. ನಾನು ಮತ್ತೆ ಫೋನ್ ಮಾಡಿ ಕೇಳಿದೆ. ಭಾಯಿ ಸಿಟ್ಟಾಗಲಿಲ್ಲ, ಅದೇ ಕಷ್ಟ. ತುಂಬಾ ಪ್ರೀತಿಯಿಂದಲೇ ಹೇಳಿದರು: "ನಿನ್ನ ಮದುವೆಗೆ ಅಬ್ಬಾ ನಾಲ್ಕು ಲಕ್ಷ ಖರ್ಚು ಮಾಡಿದ್ದರು. ನಿನ್ನ ಪಾಲು ಆಗಲೇ ಬಂತಲ್ವಾ? ಹಬ್ಬಕ್ಕೆ ಬಾ, ಹೆರಿಗೆಗೆ ಬಾ, ಇದು ನಿನ್ನ ಮನೆಯೇ."

ತಂಗಿ ಹೂಂ ಅಂದುಬಿಟ್ಟಿದ್ದಾಳೆ. ನಾನು ಮನೆಯಲ್ಲಿ ಬಟ್ಟೆ ಹೊಲಿಯುತ್ತೇನೆ, ನಮ್ಮವರು ಗ್ಯಾರೇಜಿನಲ್ಲಿದ್ದಾರೆ. ದುಡ್ಡು ಬೇಡ ಅನ್ನುವ ಸ್ಥಿತಿ ನಮ್ಮದಲ್ಲ. ಆದರೆ ಅಣ್ಣಂದಿರನ್ನು ಕಳೆದುಕೊಳ್ಳುವುದೂ ಬೇಡ. ದೀನಿನ, ಅಂದರೆ ಧರ್ಮದ ಪ್ರಕಾರ ನನಗೆ ಎಷ್ಟು, ಸರ್ಕಾರದ ಕಾನೂನಿನ ಪ್ರಕಾರ ಎಷ್ಟು, ಎರಡೂ ಒಂದೇನಾ? ಕೇಳಿದರೆ ಅತಿಯಾಸೆ ಆಗುತ್ತಾ?

ಕಡಲದಂಡೆ
ಸಹಿ ಹಾಕಬೇಡಿ ಆಪಾ. ಉಳಿದದ್ದು ಆಮೇಲೆ ಮಾತಾಡೋಣ. ಮೊದಲು ಸಹಿ ಹಾಕಬೇಡಿ.

ಕಪ್ಪು ಕೋಟು
ನಾನು ವಕೀಲ, ಸಿವಿಲ್ ಕಡೆ ಕೆಲಸ. ನಿಮ್ಮ ಕಾಗದಪತ್ರ ನೋಡದೆ ಪೂರ್ತಿ ಹೇಳಲಾಗದು, ಆದರೆ ಲೆಕ್ಕ ಕಷ್ಟದ್ದಲ್ಲ. ಈ ವಿಷಯದಲ್ಲಿ ನಮ್ಮ ದೇಶದ ಕೋರ್ಟುಗಳು ಮುಸ್ಲಿಮರಿಗೆ ಷರೀಅತ್ ನಿಯಮವನ್ನೇ ಹಚ್ಚುತ್ತವೆ. 1937ರ ಷರೀಅತ್ ಕಾಯ್ದೆ ಬಂದದ್ದೇ ಅದಕ್ಕೆ. ಊರಿನ ರೂಢಿ ಹೆಸರಲ್ಲಿ ಹೆಣ್ಣುಮಕ್ಕಳಿಗೆ ಏನೂ ಕೊಡದೆ ಕಳಿಸುತ್ತಿದ್ದರಲ್ಲ, ಅದನ್ನು ತಡೆಯುವುದೂ ಅದರ ಒಂದು ಉದ್ದೇಶ. ಹಾಗಾಗಿ ಮನೆ, ಭಟ್ಟಿ ಜಾಗಕ್ಕೆ ಎರಡೂ ಒಂದೇ.

ಸುಲಭವಾಗಲಿ ಅಂತ ಆಸ್ತಿ 48 ಲಕ್ಷ ಅಂದುಕೊಳ್ಳಿ. ಮಕ್ಕಳಿರುವುದರಿಂದ ನಿಮ್ಮ ಅಮ್ಮಿಗೆ ಎಂಟರಲ್ಲಿ ಒಂದು, ಅಂದರೆ 6 ಲಕ್ಷ. ಉಳಿದ 42 ಲಕ್ಷವನ್ನು ಆರು ಭಾಗ ಮಾಡಬೇಕು. ಗಂಡುಮಕ್ಕಳಿಗೆ ಎರಡೆರಡು ಭಾಗ, ಹೆಣ್ಣುಮಕ್ಕಳಿಗೆ ಒಂದೊಂದು. ಅಣ್ಣಂದಿರಿಗೆ 14 ಲಕ್ಷ ತಲಾ, ನಿಮಗೆ 7, ತಂಗಿಗೆ 7. ಮುಗಿಯಿತು.

ಮದುವೆ ಖರ್ಚಿನ ಮಾತು ನಿಲ್ಲುವುದಿಲ್ಲ. ಅಪ್ಪ ಬದುಕಿದ್ದಾಗ ಮಕ್ಕಳಿಗೆ ಕೊಟ್ಟದ್ದು ಕೊಟ್ಟದ್ದೇ. ಸತ್ತ ಮೇಲೆ ಅದನ್ನು ಪಾಲಿನಲ್ಲಿ ಕಳೆಯುವ ಪದ್ಧತಿ ಮುಸ್ಲಿಂ ಉತ್ತರಾಧಿಕಾರದಲ್ಲಿ ಇಲ್ಲ. ಅಷ್ಟಕ್ಕೂ ಅಣ್ಣಂದಿರ ವಲೀಮಾಗೆ ಬಿರಿಯಾನಿ ಯಾರ ದುಡ್ಡಲ್ಲಿ ಆಯಿತು ಅಂತ ಕೇಳಿ ನೋಡಿ.

ಇನ್ನೊಂದು ಮಾತು. ಖಾತೆ ಬದಲಾಯಿಸಲು ಹಕ್ಕು ಬಿಡುಗಡೆ ಪತ್ರ ಬೇಕೇ ಬೇಕು ಅಂತಿಲ್ಲ. ಎಲ್ಲ ವಾರಸುದಾರರ ಹೆಸರನ್ನೂ ಜಂಟಿಯಾಗಿ ಹಾಕಿಸಬಹುದು. ವಂಶವೃಕ್ಷ ಮಾಡಿಸಿದ್ದಾರಾ, ಅದರಲ್ಲಿ ನಿಮ್ಮಿಬ್ಬರ ಹೆಸರಿದೆಯಾ ಅಂತ ಮೊದಲು ನೋಡಿ. ಹೆಣ್ಣುಮಕ್ಕಳು ಮಾಯವಾಗುವುದು ಅಲ್ಲೇ, ಕೋರ್ಟಿನಲ್ಲಲ್ಲ.

ಸಫರ್
ಅಸ್ಸಲಾಮು ಅಲೈಕುಂ. ತಂಗಿ, ನಾನು ರಿಯಾದಿನಲ್ಲಿದ್ದೇನೆ, ಊರು ಭಟ್ಕಳ. ವಕೀಲರು ಹೇಳಿದ ಲೆಕ್ಕ ಸರಿ. ಕುರ್‌ಆನಿನ ಸೂರಾ ನಿಸಾದ ಏಳನೇ ಆಯತ್ ಓದಿ. ತಂದೆತಾಯಿ ಬಿಟ್ಟುಹೋದದ್ದರಲ್ಲಿ ಗಂಡಸರಿಗೂ ಪಾಲಿದೆ, ಹೆಂಗಸರಿಗೂ ಪಾಲಿದೆ, ಅದು ಸ್ವಲ್ಪವೇ ಆಗಲಿ ಜಾಸ್ತಿಯೇ ಆಗಲಿ ಅಂತಿದೆ. ಅದು ದಯೆಯಲ್ಲ, ನಿಗದಿಯಾದ ಪಾಲು. ಅಣ್ಣ ಕೊಡುವುದಲ್ಲ, ಅಲ್ಲಾಹ್ ಆಗಲೇ ಕೊಟ್ಟಾಗಿದೆ.

ಅರ್ಧ ಯಾಕೆ ಅಂತ ಕೆಲವರು ಕೇಳುತ್ತಾರೆ. ಹೆಂಡತಿ ಮಕ್ಕಳ ಖರ್ಚು, ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ಮೆಹರ್, ಮನೆಯ ಹೊಣೆ ಎಲ್ಲ ಗಂಡಸಿನ ಮೇಲಿದೆ. ಹೆಂಗಸಿನ ಪಾಲು, ಅವಳ ಸಂಪಾದನೆ ಅವಳದ್ದೇ. ಅದನ್ನು ಮನೆಗೆ ಹಾಕಬೇಕೆಂಬ ಕಡ್ಡಾಯ ಇಲ್ಲ. ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸು ತನ್ನ ಆಸ್ತಿಯನ್ನು ತನ್ನ ಹೆಸರಲ್ಲೇ ಇಟ್ಟುಕೊಳ್ಳುವಂತೆ ಕಾನೂನು ಆದದ್ದು 1882ರಲ್ಲಿ. ನಮ್ಮಲ್ಲಿ ಅದು ಮೊದಲಿನಿಂದಲೂ ಇತ್ತು.

ಅರ್ಧಪಾಲು
ಸಫರ್ ಭಾಯಿ, ಗೌರವದಿಂದಲೇ ಹೇಳುತ್ತೇನೆ. ನನ್ನ ಸಂಬಳ ನನ್ನದೇ ಅಂತ ನಾನೂ ಮದರಸಾದಲ್ಲಿ ಕಲಿತಿದ್ದೇನೆ. ಹನ್ನೆರಡು ವರ್ಷದಿಂದ ಮನೆ ಬಾಡಿಗೆ ನಾನೇ ಕಟ್ಟುತ್ತಿದ್ದೇನೆ. ಅಮ್ಮಿಯ ಬಿಪಿ ಮಾತ್ರೆ, ತಮ್ಮನ ಕಾಲೇಜು ಫೀಸು ಎಲ್ಲ ನನ್ನ ಕೈಯಿಂದ. ಹೊಣೆ ಗಂಡಸಿನದು ಅನ್ನುವುದು ಪುಸ್ತಕದಲ್ಲಿ, ಪಾಲು ಮಾತ್ರ ನಿಜದಲ್ಲಿ. ಹೊಣೆ ಹೊರದವನಿಗೆ ಎರಡು ಪಾಲು ಯಾಕೆ ಅಂತ ಕೇಳಿದರೆ ಧರ್ಮ ವಿರೋಧಿ ಅನ್ನುತ್ತೀರಿ.

ಸಫರ್
ನಾನು ಹಾಗೆ ಅನ್ನಲಿಲ್ಲ ತಂಗಿ. ಹೊಣೆ ಹೊರದ ಗಂಡಸು ತಪ್ಪಿತಸ್ಥ, ಅದರಲ್ಲಿ ಎರಡು ಮಾತಿಲ್ಲ.

ಅರ್ಧಪಾಲು
ತಪ್ಪಿತಸ್ಥನಿಗೆ ಪಾಲು ಕಡಿಮೆ ಆಗಲ್ಲ ಅಲ್ವಾ, ಅಷ್ಟೇ ನನ್ನ ಮಾತು.

ಕಡಲದಂಡೆ
ಇಬ್ಬರೂ ನಿಲ್ಲಿ ಮಾರಾಯ್ರೆ. ನಮ್ಮ ಕಡೆ, ಮಂಗಳೂರು, ಉಳ್ಳಾಲ ಕಡೆಯ ಮಾತು ಹೇಳುತ್ತೇನೆ. ನಿಖಾದಲ್ಲಿ ಮಹರ್ ಇಷ್ಟು ಪವನ್ (ಎಂಟು ಗ್ರಾಂ ಚಿನ್ನ) ಅಂತ ಎಲ್ಲರೆದುರು ಹೇಳುತ್ತಾರೆ, ಚಿನ್ನವನ್ನೇ ಕೊಡುತ್ತಾರೆ, ಅದು ಒಳ್ಳೆಯದೇ. ಆದರೆ ಅದರ ಹತ್ತು ಪಟ್ಟು ಹುಡುಗಿಯ ಮನೆಯಿಂದ ಹೋಗಿರುತ್ತದೆ. ಎರಡು ಪವನ್ ಮಹರಿಗೆ ಮೈಕು, ಐವತ್ತು ಪವನಿಗೆ ಪಿಸುಮಾತು. ವರದಕ್ಷಿಣೆ ಹರಾಂ ಅಂತ ಶುಕ್ರವಾರ ಕೇಳುತ್ತೇವೆ, ಭಾನುವಾರ ಅದೇ ಹಾಲಿನಲ್ಲಿ ಊಟ ಮಾಡಿ ಬರುತ್ತೇವೆ. ನಾನೂ ಹೋಗಿದ್ದೇನೆ, ಸುಳ್ಳು ಯಾಕೆ.

ಇಲ್ಲಿಂದ ಸ್ವಲ್ಪ ತೆಂಕಣಕ್ಕೆ, ಕಣ್ಣೂರಿನಲ್ಲಿ, ಅರಕ್ಕಲ್ ಅರಮನೆ ಇದೆ. ಮುಸ್ಲಿಂ ರಾಜಮನೆತನ, ಪಟ್ಟ ಮನೆಯ ಹಿರಿಯರಿಗೆ, ಹಿರಿಯರು ಹೆಂಗಸಾದರೆ ಹೆಂಗಸಿಗೇ. ಬೀವಿಯರು ಆಳಿದ್ದಾರೆ, ಲಕ್ಷದ್ವೀಪದ ಕೆಲವು ದ್ವೀಪಗಳೂ ಅವರ ಕೈಲಿದ್ದವು. ಆ ಕಡೆಯ ಹಳೇ ಮಾಪ್ಪಿಳೆ (ಮಲಯಾಳಿ ಮುಸ್ಲಿಂ) ಕೂಡು ಮನೆಗಳಲ್ಲಿ, ತರವಾಡುಗಳಲ್ಲಿ, ಆಸ್ತಿ ತಾಯಿ ಕಡೆಯಿಂದ ಇಳಿಯುತ್ತಿತ್ತು. ಹುಡುಗ ಮದುವೆಯಾಗಿ ಹುಡುಗಿ ಮನೆಗೆ ಬರುತ್ತಿದ್ದ. ಯಾರೂ ಅವರನ್ನು ಇಸ್ಲಾಮಿನಿಂದ ಹೊರಗೆ ಹಾಕಲಿಲ್ಲ. ಇದನ್ನು ಸುಮ್ನೆ ಹೇಳಿದೆ, ಆಪಾಗೆ ಇದರಿಂದ ಉಪಯೋಗ ಇಲ್ಲ.

ಭಟ್ಟಿ ಮಗಳು
ಎಲ್ಲರಿಗೂ ಶುಕ್ರಿಯಾ. ಮೆಹರ್ ಮಾತು ಬಂತಲ್ಲ, ಇದು ಕೇಳಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

ಅಮ್ಮಿಯ ಮದುವೆ 1986ರಲ್ಲಿ. ಮೆಹರ್ 5,001 ರೂಪಾಯಿ. ಅಬ್ಬಾ ಕೊಡಲೇ ಇಲ್ಲ, ಅಮ್ಮಿ ಕೇಳಲೂ ಇಲ್ಲ, ಒಂದೇ ತಟ್ಟೆಯಲ್ಲಿ ಉಣ್ಣುವವರ ಮಧ್ಯೆ ಅದೆಲ್ಲ ಏನು ಅನ್ನುತ್ತಿದ್ದರು. ಅಬ್ಬಾ ಹೋದ ದಿನ ಗುಸಲ್ ಆಗಿ, ಕಫನ್ ಹೊದಿಸಿ ಇಟ್ಟಿದ್ದರು. ಜನಾಜಾ ಎತ್ತುವ ಮುಂಚೆ ಯಾರೋ ಹಿರಿಯರು ಅಮ್ಮಿಯನ್ನು ಹಿಡಿದು ತಂದು "ಮೆಹರ್ ಮಾಫ್ ಮಾಡಿದೆ ಅಂತ ಹೇಳಮ್ಮ, ಅವರ ಮೇಲೆ ಸಾಲ ಉಳಿಯಬಾರದು" ಅಂದರು. ಅಮ್ಮಿಗೆ ನಿಲ್ಲಲೂ ಆಗುತ್ತಿರಲಿಲ್ಲ. ಮೂರು ಸಲ ಹೇಳಿಸಿದರು. ಮೂರನೇ ಸಲ ಕೇಳಿಸುವಷ್ಟು ಜೋರಾಗಿ ಹೇಳಿದರು. ಸುತ್ತ ಇದ್ದ ಹೆಂಗಸರೆಲ್ಲ "ಎಷ್ಟು ದೊಡ್ಡ ಮನಸ್ಸು" ಅಂದರು. ನನಗೂ ಆಗ ಹಾಗೇ ಅನ್ನಿಸಿತ್ತು. ಈಗ ಅನ್ನಿಸುತ್ತಿಲ್ಲ.

ಅರ್ಧಪಾಲು
ನಮ್ಮ ನಾನಿಗೂ ಹೀಗೇ ಮಾಡಿಸಿದ್ದರು. ಅವರ ಮೆಹರ್ 786 ರೂಪಾಯಿ.

ಹೊಳೆಸಾಲು
ಓದಿ ಕೈ ನಡುಗಿತು. ನಾನು ಮುಸ್ಲಿಮಳಲ್ಲ, ಶಿವಮೊಗ್ಗ ಕಡೆಯವಳು. ಮೊದಲು ಓದಿ ಸುಮ್ಮನಿದ್ದೆ, ಈಗ ಬರೆಯುತ್ತಿದ್ದೇನೆ, ನಂತರ ಮತ್ತೆ ಬರುತ್ತೇನೆ.

ಕಪ್ಪು ಕೋಟು
ಭಟ್ಟಿ ಮಗಳು ಅವರೇ, ಆ ಹಿರಿಯರು ಹೇಳಿದ್ದರಲ್ಲಿ ಒಂದು ಮಾತು ಮಾತ್ರ ನಿಜ. ಕೊಡದ ಮೆಹರ್ ಸಾಲ. ಬರೀ ನೈತಿಕ ಸಾಲವಲ್ಲ, ಕೋರ್ಟಿನಲ್ಲಿ ವಸೂಲಿ ಮಾಡಬಹುದಾದ ಸಾಲ. ಸತ್ತವರ ಆಸ್ತಿಯಿಂದ ಮೊದಲು ಅಂತ್ಯಕ್ರಿಯೆಯ ಖರ್ಚು, ಆಮೇಲೆ ಸಾಲ, ಆಮೇಲೆ ಉಯಿಲು ಇದ್ದರೆ ಮೂರನೇ ಒಂದರ ಮಿತಿಯಲ್ಲಿ ಅದು, ಕೊನೆಗೆ ವಾರಸುದಾರರ ಪಾಲು. ಮೆಹರ್ ಆ ಎರಡನೇ ಸಾಲಿನಲ್ಲಿ ಬರುತ್ತದೆ. ಅಂದರೆ ಅಣ್ಣಂದಿರ ಪಾಲಿಗಿಂತ ಮೊದಲು ಅಮ್ಮಿಯ ಮೆಹರ್, ಅದಾದ ಮೇಲೆ ಅವರ ಎಂಟನೇ ಒಂದು ಬೇರೆ. ಗಂಡನ ಆಸ್ತಿ ವಿಧವೆಯ ಸ್ವಾಧೀನಕ್ಕೆ ನ್ಯಾಯವಾಗಿ ಬಂದಿದ್ದರೆ, ಮೆಹರ್ ತೀರುವ ತನಕ ಬಿಟ್ಟುಕೊಡದೆ ಇಟ್ಟುಕೊಳ್ಳುವ ಹಕ್ಕನ್ನು ಬ್ರಿಟಿಷರ ಕಾಲದ ಮೇಲಿನ ಕೋರ್ಟು ಪ್ರಿವಿ ಕೌನ್ಸಿಲ್ ಕಾಲದಿಂದ ಒಪ್ಪಿದ್ದಾರೆ.

ಮಾಫಿ ವಿಷಯ. ಹೆಂಗಸು ಮೆಹರ್ ಬಿಟ್ಟುಕೊಡಬಹುದು, ಆದರೆ ಸ್ವಂತ ಮನಸ್ಸಿನಿಂದ. 1920ರಲ್ಲಿ ಕಲ್ಕತ್ತಾ ಹೈಕೋರ್ಟಿನ ಮುಂದೆ ಇಂಥದ್ದೇ ಒಂದು ಕೇಸು ಬಂದಿತ್ತು. ಗಂಡ ಸತ್ತ ಸಂಕಟದಲ್ಲಿ ಹೆಂಗಸಿನ ಬಾಯಲ್ಲಿ ಹೇಳಿಸಿದ ಮಾಫಿ ಮುಕ್ತ ಒಪ್ಪಿಗೆಯಲ್ಲ, ಅವಳನ್ನು ಕಟ್ಟಿಹಾಕುವುದಿಲ್ಲ ಅಂದರು. ನೂರು ವರ್ಷದ ಹಳೇ ತೀರ್ಪು, ನಮ್ಮ ಮನೆಗಳಿಗೆ ಇನ್ನೂ ಬಂದು ಮುಟ್ಟಿಲ್ಲ.

ಉಸ್ತಾನಿ
ನಾನು ಹೆಣ್ಣುಮಕ್ಕಳ ಮದರಸಾದಲ್ಲಿ ಕಲಿಸುತ್ತೇನೆ. ವಕೀಲರ ಮಾತಿಗೆ ಒಂದು ಸೇರಿಸುತ್ತೇನೆ. ಸೂರಾ ನಿಸಾದ ನಾಲ್ಕನೇ ಆಯತಿನಲ್ಲೇ ಇದೆ, ಹೆಂಗಸರ ಮೆಹರನ್ನು ಸಂತೋಷದಿಂದ ಕೊಡಿ, ಅವರಾಗಿ ಮನಸಾರೆ ಏನಾದರೂ ಬಿಟ್ಟರೆ ಮಾತ್ರ ಉಣ್ಣಿ ಅಂತ. ಹೆಣದ ಮುಂದೆ ಮೂರು ಸಲ ಹೇಳಿಸುವುದು ಮನಸಾರೆ ಹೇಗಾಯಿತು? ನಮ್ಮ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ: ಮೆಹರ್ ರೂಪಾಯಿಯಲ್ಲಿ ಬೇಡ, ಚಿನ್ನದಲ್ಲಿ ಬರೆಸಿ, ನಿಖಾನಾಮಾದ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. 1986ರ 5,001 ರೂಪಾಯಿಗೆ ಆಗ ಎರಡು ತೊಲದ ಹತ್ತಿರ ಚಿನ್ನ ಬರುತ್ತಿತ್ತು. ಇವತ್ತು ಒಂದು ಗ್ರಾಂ ಕೂಡ ಬರಲ್ಲ.

ಕೇಳುವುದು ಅತಿಯಾಸೆಯಾ ಅಂದಿರಿ. ಸಅದ್ ಬಿನ್ ರಬೀ ಅಂತ ಒಬ್ಬರು ಉಹುದ್ ಯುದ್ಧದಲ್ಲಿ ಶಹೀದರಾದರು. ಅವರ ಹೆಂಡತಿ ಇಬ್ಬರು ಹೆಣ್ಣುಮಕ್ಕಳನ್ನು ಕೈಹಿಡಿದು ಪ್ರವಾದಿಯವರ ಹತ್ತಿರ ಬಂದರು. ಇವರ ಚಿಕ್ಕಪ್ಪ ಎಲ್ಲ ಆಸ್ತಿ ಬಾಚಿಕೊಂಡಿದ್ದಾನೆ, ದುಡ್ಡಿಲ್ಲದೆ ಇವರನ್ನು ಯಾರು ಮದುವೆಯಾಗುತ್ತಾರೆ ಅಂತ ಕೇಳಿದರು. ಆಮೇಲೆ ಪಾಲಿನ ಆಯತ್ ಇಳಿಯಿತು. ಚಿಕ್ಕಪ್ಪನನ್ನು ಕರೆಸಿ, ಹುಡುಗಿಯರಿಗೆ ಮೂರರಲ್ಲಿ ಎರಡು, ಅವರ ತಾಯಿಗೆ ಎಂಟರಲ್ಲಿ ಒಂದು ಕೊಡು, ಉಳಿದದ್ದು ನಿನ್ನದು ಅಂತ ಹೇಳಿದರು. ತಿರ್ಮಿದಿ, ಅಬೂ ದಾವೂದ್ ಎಂಬ ಹದೀಸ್ ಸಂಗ್ರಹಗಳಲ್ಲಿ ಇದೆ. ಒಬ್ಬ ವಿಧವೆ ಎದ್ದು ಬಂದು ಕೇಳಿದ್ದರಿಂದ ಬಂದ ಪಾಲು ಅದು. ನೀವು ಕೇಳಿದರೆ ತಪ್ಪಾ?

ಅರ್ಧಪಾಲು
ಉಸ್ತಾನಿ, ಈ ಕತೆ ನನಗೆ ಗೊತ್ತಿರಲಿಲ್ಲ, ಚೆನ್ನಾಗಿದೆ. ಆದರೆ ಲೆಕ್ಕ ಮಾಡಿ ನೋಡಿದೆ. ಎಲ್ಲ ಬಾಚಿಕೊಂಡ ಆ ಚಿಕ್ಕಪ್ಪನಿಗೂ 24ರಲ್ಲಿ 5 ಪಾಲು ಉಳಿಯಿತು! ಆಗಿನ ಕಾಲಕ್ಕೆ ಅದು ದೊಡ್ಡ ಬದಲಾವಣೆ, ಒಪ್ಪುತ್ತೇನೆ. ಈಗಲೂ ಸುನ್ನಿಗಳಲ್ಲಿ ಬರೀ ಹೆಣ್ಣುಮಕ್ಕಳೇ ಇದ್ದರೆ ಅವರಿಗೆ ಮೂರನೇ ಎರಡಕ್ಕಿಂತ ಮೇಲೆ ಸಿಗಲ್ಲ. ಒಬ್ಬಳೇ ಮಗಳಾದರೆ ಅರ್ಧ. ಉಳಿದದ್ದು ಅಪ್ಪನ ಅಣ್ಣತಮ್ಮಂದಿರ ಕಡೆ ಹೋಗುತ್ತದೆ. ಶಿಯಾಗಳಲ್ಲಿ ಹಾಗಿಲ್ಲ, ಒಬ್ಬಳೇ ಮಗಳಿದ್ದರೂ ಅಪ್ಪನ ಅಣ್ಣತಮ್ಮಂದಿರಿಗೆ ಏನೂ ಹೋಗಲ್ಲ. ಒಂದೇ ಕುರ್‌ಆನ್, ಎರಡು ಲೆಕ್ಕ. ಅಂದಮೇಲೆ ಮನುಷ್ಯರು ಓದುವ ರೀತಿಯಲ್ಲಿ ಏನೋ ಇದೆ ಅಲ್ವಾ?

ಹೊಸದುರ್ಗದ, ಅಂದರೆ ಕಾಞಂಗಾಡಿನ, ವಕೀಲ ಸಿ. ಶುಕ್ಕೂರ್ ನೆನಪಿದ್ದಾರಾ? ಮೂವರು ಹೆಣ್ಣುಮಕ್ಕಳ ಅಪ್ಪ. 2023ರ ಮಾರ್ಚ್ 8ಕ್ಕೆ ತಮ್ಮ ಹೆಂಡತಿಯನ್ನೇ ವಿಶೇಷ ವಿವಾಹ ಕಾಯ್ದೆಯಲ್ಲಿ ಮತ್ತೆ ಮದುವೆಯಾದರು. ಆ ಕಾಯ್ದೆಯಲ್ಲಿ ಮದುವೆಯಾದರೆ ಪಾಲು ಷರೀಅತ್ ಲೆಕ್ಕದಲ್ಲಲ್ಲ, ಸಾಮಾನ್ಯ ಉತ್ತರಾಧಿಕಾರ ಕಾನೂನಿನಲ್ಲಿ. ತಾವು ಹೋದ ಮೇಲೆ ಆಸ್ತಿ ಪೂರ್ತಿ ಮಕ್ಕಳಿಗೇ ಸಿಗಲಿ ಅಂತ. ಹೆಣ್ಣುಮಕ್ಕಳಿಗೆ ಬಾಯಲ್ಲಿ ಪ್ರೀತಿ ತೋರಿಸುವ ಅಪ್ಪಂದಿರು ಬೇಕಾದಷ್ಟು ಇದ್ದಾರೆ, ಹೀಗೆ ಆಫೀಸಿಗೆ ಹೋಗಿ ಸಹಿ ಹಾಕುವವರು ಎಷ್ಟು ಜನ?

ಸಫರ್
ಅದಕ್ಕೆ ಮತ್ತೆ ಮದುವೆ ಯಾಕೆ, ಬದುಕಿದ್ದಾಗಲೇ ಹಿಬಾ, ಅಂದರೆ ದಾನ, ಮಾಡಬಹುದಲ್ಲ. ಹಿಬಾದಲ್ಲಿ ಮಗ ಮಗಳು ಸಮ ಅಂತ ಬಹಳಷ್ಟು ಉಲಮಾ ಹೇಳುತ್ತಾರೆ. ನಾನು ನನ್ನ ಇಬ್ಬರು ಮಕ್ಕಳಿಗೂ ಸಮನಾಗಿ ಮಾಡಿದ್ದೇನೆ, ಒಬ್ಬಳು ಹೆಣ್ಣು, ಒಬ್ಬ ಗಂಡು.

ಅರ್ಧಪಾಲು
ಸಫರ್ ಭಾಯಿ, ಇದನ್ನು ಮೊದಲೇ ಹೇಳಬಾರದಿತ್ತಾ! ಇಷ್ಟು ಹೊತ್ತು ಸುಮ್ನೆ ಜಗಳ ಆಡಿದೆವು.

ಕಪ್ಪು ಕೋಟು
ಹಿಬಾ ಮಾಡುವವರು ಗಮನಿಸಿ: ಕೊಟ್ಟೆ ಅನ್ನಬೇಕು, ತೆಗೆದುಕೊಂಡೆ ಅನ್ನಬೇಕು, ಸ್ವಾಧೀನ ಬಿಟ್ಟುಕೊಡಬೇಕು. ಮೂರನೆಯದು ಆಗದೆ ಬಿದ್ದುಹೋದ ಕೇಸುಗಳೇ ಜಾಸ್ತಿ.

ನೇರನುಡಿ
ಮೂರು ಸಲ ತಲಾಖ್ ಅಂದು ಬೀದಿಗೆ ತಳ್ಳುವ ಕಡೆ ಪಾಲಿನ ಮಾತು ಬೇರೆ. ಮೊದಲು ಅದನ್ನು ಸರಿ ಮಾಡಿಕೊಳ್ಳಿ.

ಕಡಲದಂಡೆ
ಬಂದ್ರು. ಅಣ್ಣಾ, ಒಂದೇ ಉಸಿರಿನ ಮೂರು ತಲಾಖನ್ನು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 22ಕ್ಕೆ ಹೊಡೆದುಹಾಕಿತು, 2019ರಲ್ಲಿ ಕಾನೂನೂ ಬಂತು. ಆ ಕೇಸು ಹಾಕಿದವರು ಶಾಯರಾ ಬಾನೊ, ಮುಸ್ಲಿಂ ಹೆಂಗಸು. 1985ರಲ್ಲಿ ಜೀವನಾಂಶ ಗೆದ್ದ ಶಾ ಬಾನೊ ಕೂಡ. ಅದನ್ನು 1986ರ ಕಾನೂನು ಮೊಟಕು ಮಾಡಿತು, 2001ರ ತೀರ್ಪು ಅದನ್ನೇ ಹೆಂಗಸಿನ ಪರ ಓದಿತು. 2024ರ ಜುಲೈನಲ್ಲಿ ಮತ್ತೆ ಹೇಳಿದರು, ಜೀವನಾಂಶದ ಸಾಮಾನ್ಯ ಕಾನೂನು ಮುಸ್ಲಿಂ ಹೆಂಗಸಿಗೂ ಇದೆ ಅಂತ. ನಮ್ಮ ಹೆಂಗಸರು ಸುಮ್ಮನೆ ಕೂತಿಲ್ಲ. ಇಲ್ಲಿ ಒಬ್ಬಳು ತನ್ನ ಮನೆಯ ವಿಷಯ ಕೇಳುತ್ತಿದ್ದಾಳೆ. ಉತ್ತರ ಗೊತ್ತಿದ್ದರೆ ಹೇಳಿ, ಇಲ್ಲದಿದ್ದರೆ ಓದಿ.

ಹೊಳೆಸಾಲು
ಮತ್ತೆ ಬಂದೆ. ನೇರನುಡಿಯವರೇ, ನಮ್ಮ ಮನೆ ಕತೆ ಕೇಳಿ. ಕರ್ನಾಟಕದಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ 1994ರಲ್ಲೇ ತಿದ್ದುಪಡಿ ಆಯಿತು, ಇಡೀ ದೇಶಕ್ಕೆ 2005ರಲ್ಲಿ. ನಮ್ಮದು ಅರ್ಧವೂ ಅಲ್ಲ, ಪೂರ್ತಿ ಸಮ. ಆದರೆ ನಮ್ಮ ಅಮ್ಮ, ಇಬ್ಬರು ಚಿಕ್ಕಮ್ಮಂದಿರು, ನಾನು, ನಾಲ್ಕೂ ಜನ ಸಹಿ ಹಾಕಿ ಬಂದವರು. "ಅರಿಶಿನ ಕುಂಕುಮಕ್ಕೆ" ಅಂತ ನನಗೆ ಒಂದು ಸೀರೆ, ಇಪ್ಪತ್ತು ಸಾವಿರ ಕೊಟ್ಟರು. ಪಕ್ಕದಲ್ಲೇ ತೋಟದ ಎಕರೆಗೆ ಎಷ್ಟು ನಡೀತಿತ್ತು ಅಂತ ನಾನು ಹೇಳಲ್ಲ, ನೀವೇ ಊಹಿಸಿ. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ ಅಂತ ಹೆದರಿಕೆ. ಹಾಕಿದ ಮೇಲೆ ಬಾಗಿಲು ತೆರೆದಿದೆ, ಆದರೆ ಯಾರೂ ಕರೆಯುವುದಿಲ್ಲ.

ಹುಬ್ಬಳ್ಳಿ ಚಾಚಾ
ಬೇಟಿ, ನಾನು ಎಪ್ಪತ್ತರ ಮೇಲಿನವನು. ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ. ನಾನು ನಿನ್ನ ಭಾಯಿಯ ಜಾಗದಲ್ಲಿ ಇದ್ದವನು.

1991ರಲ್ಲಿ ವಾಲಿದ್ ಹೋದರು. ಅಕ್ಕ ಒಬ್ಬಳೇ ಹೆಣ್ಣು. ಕೇಳಲೇ ಇಲ್ಲ, ನಾನೂ ಹೇಳಲೇ ಇಲ್ಲ. "ಅಕ್ಕ ಬಿಟ್ಟುಕೊಟ್ಟಳು" ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಅವಳು ಬಿಡಲಿಲ್ಲ ಬೇಟಿ, ನಾನು ಕೇಳಿರಲಿಲ್ಲ, ಅಷ್ಟೇ. ಆಮೇಲೆ ಹಜ್‌ಗೆ ಹೊರಟೆ. ಸಾಲ ತೀರಿಸಿ ಹೋಗಬೇಕಲ್ಲ, ಯಾರಿಗೆ ಏನು ಕೊಡಬೇಕು ಅಂತ ಪಟ್ಟಿ ಬರೆದೆ. ಕಿರಾಣಿಯವನದ್ದು ಬರೆದೆ, ಬಡಗಿಯದ್ದು ಬರೆದೆ. ಮೌಲಾನಾ ಪಟ್ಟಿ ನೋಡಿ "ಅಕ್ಕ ಇದ್ದಾರಾ ನಿಮಗೆ?" ಅಂತ ಕೇಳಿದರು. ಇನ್ನೇನೂ ಹೇಳಲಿಲ್ಲ.

ಒಂದು ಪ್ಲಾಟ್ ಮಾರಿ ದುಡ್ಡು ತೆಗೆದುಕೊಂಡು ಗದಗಕ್ಕೆ ಹೋದೆ. ನಿಜ ಹೇಳುತ್ತೇನೆ, ಬೇಡ ಅನ್ನುತ್ತಾಳೆ ಅಂತ ಒಳಗೊಳಗೇ ಕಾಯುತ್ತಿದ್ದೆ. ಅಕ್ಕ ಚಾ ಕೊಟ್ಟಳು, ಕನ್ನಡಕ ಹಾಕಿಕೊಂಡಳು, ಕೂತು ಎಣಿಸಿದಳು. ಎರಡು ಸಲ ಎಣಿಸಿದಳು. ಒಂದು ಐನೂರರ ನೋಟು ಹರಿದಿತ್ತು, ಬದಲಾಯಿಸಿ ಕೊಡು ಅಂದಳು.

ಅರ್ಧಪಾಲು
ಚಾಚಾ, ನಿಮ್ಮ ಅಕ್ಕನಿಗೆ ನನ್ನ ಸಲಾಂ ಹೇಳಿ.

ಹುಬ್ಬಳ್ಳಿ ಚಾಚಾ
ಹೇಳುತ್ತೇನೆ. ಈಗ ವಾರಕ್ಕೆ ಎರಡು ಸಲ ಫೋನ್ ಮಾಡುತ್ತಾಳೆ. ಮೊದಲು ಈದ್‌ಗೆ ಮಾತ್ರ ಮಾಡುತ್ತಿದ್ದಳು.

ಅಡಿಕೆ ಮರ
ನಮ್ಮದು ತೋಟ, ಗದ್ದೆ. ಅದಕ್ಕೂ ಇದೇ ಲೆಕ್ಕವಾ? ಅಪ್ಪ ಇದ್ದಾಗಲೇ ತಂಗಿ ಹತ್ತಿರ "ಮುಂದೆ ಪಾಲು ಕೇಳಲ್ಲ" ಅಂತ ಬರೆಸಿಕೊಂಡಿದ್ದಾರೆ ನಮ್ಮವರು.

ಕಪ್ಪು ಕೋಟು
1937ರ ಕಾಯ್ದೆ ಕೃಷಿ ಭೂಮಿಯನ್ನು ಹೊರಗಿಟ್ಟಿತ್ತು. ಅದು ರಾಜ್ಯಗಳ ವಿಷಯ, ಮದ್ರಾಸ್ ಕಡೆ 1949ರಲ್ಲೇ ಕೃಷಿ ಭೂಮಿಯೂ ಸೇರುವಂತೆ ತಿದ್ದಿದರು. ನಿಮ್ಮ ಊರು ಯಾವ ಪ್ರಾಂತ್ಯದಲ್ಲಿತ್ತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ, ಪಹಣಿ ಹಿಡಿದುಕೊಂಡು ಸ್ಥಳೀಯ ವಕೀಲರನ್ನು ನೋಡಿ. ಎರಡನೆಯದು: ಅಪ್ಪ ಬದುಕಿರುವಾಗ ಮಗಳಿಗೆ ಪಾಲೇ ಹುಟ್ಟಿರುವುದಿಲ್ಲ, ಹುಟ್ಟದ ಪಾಲನ್ನು ಬಿಟ್ಟುಕೊಡುವುದೂ ಆಗದು. ಆದರೆ ಅದಕ್ಕೆ ಬದಲಾಗಿ ಅವಳು ದುಡ್ಡೋ ಜಾಗವೋ ತೆಗೆದುಕೊಂಡಿದ್ದರೆ ಕತೆ ಬೇರೆ, ಆಮೇಲೆ ಮಾತು ಬದಲಿಸುವಂತಿಲ್ಲ ಅಂತ 1973ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಏನೂ ಕೊಡದೆ ಬರೆಸಿಕೊಂಡಿದ್ದರೆ ಆ ಕಾಗದಕ್ಕೆ ಬೆಲೆ ಇಲ್ಲ.

ಇಬ್ಬರಿಗೂ ಹೇಳುತ್ತಿದ್ದೇನೆ, ಫೀಸಿಗೆ ಹೆದರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಅದಕ್ಕೆ ಆದಾಯದ ಮಿತಿ ಇಲ್ಲ. ಕೋರ್ಟಿಗೆ ಹೋಗುವ ಮುಂಚೆ ಅಲ್ಲೇ ಕೂರಿಸಿ ಮಾತಾಡಿಸುವುದೂ ಉಂಟು.

ಭಟ್ಟಿ ಮಗಳು
ಹತ್ತು ದಿನ ಆಯಿತು, ಏನಾಯಿತು ಅಂತ ಕೆಲವರು ಮೆಸೇಜ್ ಮಾಡಿ ಕೇಳಿದಿರಿ. ಬರೆಯುತ್ತೇನೆ.

ಊರಿಗೆ ಹೋಗಿದ್ದೆ. ಜಗಳ ಆಡಲಿಲ್ಲ. ಅಡುಗೆಮನೆಯಲ್ಲಿ ಅಮ್ಮಿ ಹತ್ತಿರ ಚಾಚಾ ಬರೆದದ್ದನ್ನು ಓದಿದೆ. ಹರಿದ ನೋಟಿನ ಮಾತಿಗೆ ಅಮ್ಮಿ ನಕ್ಕರು. ಅಬ್ಬಾ ಹೋದ ಮೇಲೆ ಅವರು ನಕ್ಕದ್ದು ನೋಡಿರಲಿಲ್ಲ. ಆಮೇಲೆ ಉಸ್ತಾನಿ ಬರೆದದ್ದು ಓದಿದೆ, ಆ ವಿಧವೆಯ ಕತೆ. ಅಮ್ಮಿ ಏನೂ ಹೇಳಲಿಲ್ಲ, ರೊಟ್ಟಿ ತಟ್ಟುತ್ತಲೇ ಇದ್ದರು.

ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಅಮ್ಮಿನೇ ಮಾತು ತೆಗೆದರು. ದೊಡ್ಡ ಭಾಯಿಗೆ "ಆ ಕಾಗದದಲ್ಲಿ ನನ್ನ ಎಂಟನೇ ಒಂದು ಎಲ್ಲಿ ಬರೆದಿದ್ದೀಯಪ್ಪಾ?" ಅಂದರು. ಭಾಯಿ ಕಕ್ಕಾಬಿಕ್ಕಿಯಾದರು. ಅವರು ಅಮ್ಮಿ ಹತ್ತಿರವೂ ಸಹಿ ಹಾಕಿಸುವವರಿದ್ದರು ಅಂತ ನನಗೆ ಆಗಲೇ ಗೊತ್ತಾದದ್ದು. ಚಿಕ್ಕ ಭಾಯಿ ಅರ್ಧ ಊಟಕ್ಕೆ ಎದ್ದು ಹೋದರು, ಇನ್ನೂ ನನ್ನ ಹತ್ತಿರ ಮಾತಿಲ್ಲ. ದೊಡ್ಡವರು ಮಾರನೇ ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬಿಡಲು ಬಂದರು. ದಾರಿಯಲ್ಲಿ "ಭಟ್ಟಿ ನಡೆಸಬೇಕಲ್ಲ, ಜಾಗ ತುಂಡು ಮಾಡಿದರೆ ಹೇಗೆ" ಅಂದರು. ತುಂಡು ಮಾಡಬೇಡಿ, ಹೆಸರು ಸೇರಿಸಿ, ಬಾಡಿಗೆ ಲೆಕ್ಕ ಹಾಕೋಣ ಅಂದೆ. ಯೋಚನೆ ಮಾಡುತ್ತೇನೆ ಅಂದಿದ್ದಾರೆ. ಒಪ್ಪುತ್ತಾರೋ ಇಲ್ಲವೋ ನೋಡಬೇಕು.

ವಂಶವೃಕ್ಷ ಮಾಡಿಸಿದ್ದರು. ಅದರಲ್ಲಿ ತಂಗಿಯ ಹೆಸರೂ ಇಲ್ಲ, ನನ್ನ ಹೆಸರೂ ಇಲ್ಲ. ಸೋಮವಾರ ನಾಡಕಚೇರಿಗೆ ಹೋಗುತ್ತಿದ್ದೇವೆ, ಅಮ್ಮಿನೂ ಬರುತ್ತೇನೆ ಅಂದಿದ್ದಾರೆ. ತಂಗಿಗೆ ಫೋನ್ ಮಾಡಿ ಆಧಾರ್ ಕಾರ್ಡ್ ಕಳಿಸು ಅಂದೆ. "ಯಾಕೆ?" ಅಂತ ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡೂ ಕಡೆ ಫೋಟೋ ತೆಗೆದು ಕಳಿಸಿದಳು.